ಕಿಣ್ವದ ‘ಪ್ರಮಾಣ’ವೋ, ‘ಚಟುವಟಿಕೆ’ಯೋ, ‘ಚುರುಕೋ’?

ಗೆಳೆಯರೇ,

ಲಿವರ್ ಗಡ್ಡೆಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಂಜೈಮಿಗೆ ‘ಕಿಣ್ವ’ ಅನ್ನೋದು ಶಾಲೆಯಿಂದಲೇ ರೂಢಿ, ತಕರಾರಿಲ್ಲ. ಯಕೃತ್ತೋ ಪಿತ್ತಜನಕಾಂಗವೋ ಅನ್ನೋ ಚರ್ಚೆಯೂ ಈಗ ಬೇಡ. ನಾನು ಸಿಕ್ಕಿಕೊಂಡಿರುವುದು ‘ಎಂಜೈಮ್ ಆಕ್ಟಿವಿಟಿ’ ಹತ್ತಿರ, ಅಂದರೆ ಕಿಣ್ವ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅನ್ನೋದರ ಹತ್ತಿರ.

ಸುಲಭವಾಗಲಿ ಅಂತ ಕೆಲವರು ಇದನ್ನು ‘ಕಿಣ್ವದ ಪ್ರಮಾಣ’ ಅಂತ ಬರೆದುಬಿಡುತ್ತಾರೆ. ಇದು ನನಗೆ ಖಂಡಿತ ಒಪ್ಪಿಗೆಯಿಲ್ಲ. ಪೈರುವೇಟ್ ಕೈನೇಸ್ ನೋಡಿ. ಸಕ್ಕರೆ ಒಡೆಯುವ ಹಾದಿಯ ಕೊನೇ ಹಂತದ ಕಿಣ್ವ ಇದು. ಆರೋಗ್ಯವಾಗಿರುವ ಲಿವರಿನಲ್ಲಿ ಇದರ ‘ಎಲ್’ ಬಗೆ ಜಾಸ್ತಿ. ಕ್ಯಾನ್ಸರ್ ಗಡ್ಡೆಯಲ್ಲಿ ಅದು ಕಡಿಮೆಯಾಗಿ ‘ಎಂ2’ ಬಗೆ ಏರುತ್ತದೆ. ಈ ಎಂ2 ನಾಲ್ಕು ತುಣುಕು ಕೂಡಿದ್ದಾಗ ಜೋರಾಗಿ ಕೆಲಸ ಮಾಡುತ್ತದೆ, ಎರಡೆರಡಾಗಿ ಬಿಡಿಸಿಕೊಂಡರೆ ಮಂದ. ಗಡ್ಡೆಯಲ್ಲಿ ಎಂ2 ರಾಶಿ ಇದ್ದೂ ಕೆಲಸ ನಿಧಾನವಾಗಿರಬಹುದು. ‘ಪ್ರಮಾಣ ಹೆಚ್ಚಿದೆ’ ಅಂದರೆ ಅರ್ಧ ವಿಷಯ ಮುಚ್ಚಿಹೋಯಿತು, ಅಲ್ವಾ? ಲ್ಯಾಬ್ ರಿಪೋರ್ಟಿನಲ್ಲೂ ಎಸ್‌ಜಿಪಿಟಿ ಅನ್ನೋ ಲಿವರ್ ಕಿಣ್ವದ ಎದುರು ಮಿಲಿಗ್ರಾಂ ಇರುವುದಿಲ್ಲ, ಯೂನಿಟ್ ಇರುತ್ತದೆ. ಒಂದು ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ ವಸ್ತುವನ್ನು ಮಾರ್ಪಡಿಸುವಷ್ಟು ಕೆಲಸ.

‘ಚಟುವಟಿಕೆ’ ತಪ್ಪಲ್ಲ. ಆದರೆ ಓದುವಾಗ ಶಾಲೆಯ ಚಟುವಟಿಕೆ, ಸಂಘದ ಚಟುವಟಿಕೆ ನೆನಪಾಗುತ್ತದೆ. ‘ಕ್ರಿಯಾಶೀಲತೆ’ ಭಾರ. ‘ವೇಗ’ ಅಂದರೆ ರಿಯಾಕ್ಷನ್ನಿನ ವೇಗಕ್ಕೆ ಬೇರೆ ಪದ ಹುಡುಕಬೇಕು.

ನನಗೆ ಹೊಳೆದದ್ದು ‘ಚುರುಕು’. ವಾಕ್ಯದಲ್ಲಿ ಕೂರಿಸಿ ನೋಡುತ್ತೇನೆ: “ಪೆಟ್ ಸ್ಕ್ಯಾನಿಗೆ ಮೊದಲು ಕೊಡುವ ಗುರುತಿನ ಸಕ್ಕರೆಗೆ ಜೀವಕೋಶ ಒಂದು ಫಾಸ್ಫೇಟ್ ಅಂಟಿಸಿ ಒಳಗೇ ಹಿಡಿದಿಡುತ್ತದೆ. ಆರೋಗ್ಯವಾಗಿರುವ ಲಿವರಿನಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಆ ಫಾಸ್ಫೇಟನ್ನು ಕಿತ್ತುಹಾಕುತ್ತದೆ, ಸಕ್ಕರೆ ಹೊರಗೆ ಜಾರುತ್ತದೆ. ಲಿವರಿನ ಗುಣ ಕಳೆದುಕೊಂಡ ಕೆಟ್ಟ ಗಡ್ಡೆಗಳಲ್ಲಿ ಈ ಕಿಣ್ವದ ಚುರುಕು ಇಳಿದಿರುತ್ತದೆ, ಸಕ್ಕರೆ ಒಳಗೇ ಉಳಿದು ಗಡ್ಡೆ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತದೆ. ಲಿವರಿನ ಗುಣ ಉಳಿಸಿಕೊಂಡ ಗಡ್ಡೆಯಲ್ಲಿ ಆ ಚುರುಕೂ ಉಳಿದಿರುತ್ತದೆ. ಹಾಗಾಗಿ ಅದು ಸ್ಕ್ಯಾನಿನಲ್ಲಿ ತಪ್ಪಿಹೋಗಬಹುದು.”

ನನ್ನ ಕಿವಿಗೆ ಇದು ಸಲೀಸಾಗಿದೆ. ಅನುಮಾನ ಒಂದೇ: ‘ಚುರುಕು’ ಅಂದಾಗ ಜಾಸ್ತಿ ಇರುವ ಭಾವವೇ ಬರುತ್ತದೆ. “ಚುರುಕು 40 ಯೂನಿಟ್” ಅಂತ ಅಳತೆಯಾಗಿ ಹೇಳಿದರೆ ಒಪ್ಪುತ್ತದೆಯೇ?

ಹಾಗೆಯೇ, ಎಲ್ ಮತ್ತು ಎಂ2 ತರಹ ಒಂದೇ ಕೆಲಸದ ಬೇರೆ ಬಗೆಗಳಿಗೆ ‘ಸೋದರ ಕಿಣ್ವ’ ಅನ್ನಬಹುದೇ? ಕನ್ನಡದಲ್ಲಿ ಬಯೋಕೆಮಿಸ್ಟ್ರಿ ಹೇಳಿಕೊಡುವವರು, ಲ್ಯಾಬಿನಲ್ಲಿರುವವರು ಬಾಯಿಮಾತಿನಲ್ಲಿ ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.