ಮಕ್ಕಳ ಮನೋವೈದ್ಯರನ್ನು ಕೇಳಿ: ಶಾಲೆ ತೆರೆಯಿತು, ಮನೆಯಲ್ಲಿ ಮಾತು ನಿಂತಿದೆ (ಪೋಷಕರ ಗುಂಪಿನ ಚಾಟ್, ಸೆಪ್ಟೆಂಬರ್ 2021)

ಅಡ್ಮಿನ್: ಕೊರೊನಾದಿಂದ ಮುಚ್ಚಿದ್ದ ಶಾಲೆಗಳಲ್ಲಿ 6ರಿಂದ 8ನೇ ತರಗತಿ ಸೆಪ್ಟೆಂಬರ್ 6ರಿಂದ ಶುರುವಾಗಿದೆ, ದೊಡ್ಡ ಮಕ್ಕಳದ್ದು ಆಗಸ್ಟ್‌ನಲ್ಲೇ ಆಯ್ತು. ಡಾಕ್ಟರ್ ಇವತ್ತು ಸಂಜೆ ಏಳರಿಂದ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಮಕ್ಕಳ ಹೆಸರು, ಫೋಟೊ ಬೇಡ.

ಶೈಲಜಾ: ಮಗ 8ನೇ ಕ್ಲಾಸ್. ಶಾಲೆ ಅಂದ್ರೆ ಹೊಟ್ಟೆನೋವು ಅಂತಾನೆ. ಭಾನುವಾರ ನೋವೇ ಇರಲ್ಲ. ನಾಟಕಾನಾ?

ಡಾಕ್ಟರ್: ನಾಟಕ ಅಲ್ಲ. ಆತಂಕವಾದರೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಏನೂ ಇಲ್ಲ ಅಂದರೆ ಶಾಲೆ ಬಿಡಿಸಬೇಡಿ, ಮೊದಲ ವಾರ ಅರ್ಧ ದಿನವಾದರೂ ಸರಿ. ಮನೆಯಲ್ಲಿ ಉಳಿಸಿಕೊಂಡಷ್ಟೂ ಭಯ ಬಲಿಯುತ್ತದೆ.

ಮಂಜುನಾಥ: ಸರ್, ಫೋನಲ್ಲೇ ಮಾತಾಡೋಕೆ ಯಾವುದಾದ್ರೂ ನಂಬರ್ ಇದ್ಯಾ?

ಡಾಕ್ಟರ್: ನಿಮ್ಹಾನ್ಸ್, 080-46110007. ಹೋದ ವರ್ಷ ಲಾಕ್‌ಡೌನ್ ಶುರುವಾದಾಗ ತೆರೆದದ್ದು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ವೆಂಕಟೇಶ್: 🙏 *ಬಂದದ್ದನ್ನು ಕಳಿಸಿದ್ದೇನೆ* 🙏 ಮಕ್ಕಳಿಗೆ ನಿದ್ದೆ ಬರುತ್ತಿಲ್ಲವೇ? ಒಂದು ಇಡೀ ಜಾಯಿಕಾಯಿ ತೇಯ್ದು ಬಿಸಿ ಹಾಲಿಗೆ ಹಾಕಿ 21 ದಿನ ಕೊಡಿ. ಮೊಬೈಲ್ ಚಟವೂ ಹೋಗುತ್ತದೆ. ಅಡ್ಡಪರಿಣಾಮ ಇಲ್ಲ!!

ಡಾಕ್ಟರ್: ಇಡೀ ಜಾಯಿಕಾಯಿ ಕೊಡಬೇಡಿ. ಅಡುಗೆಗೆ ಚಿಟಿಕೆ ಹಾಕುವುದು ಬೇರೆ. ಇಷ್ಟು ಪ್ರಮಾಣ ಹೊಟ್ಟೆಗೆ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಇಲ್ಲದ್ದು ಕಾಣಿಸುತ್ತದೆ. ಅಡ್ಡಪರಿಣಾಮ ಇಲ್ಲ ಅಂತ ಬರೆದವರು ಯಾರು, ಕೇಳಿದಿರಾ?

ರಾಘವೇಂದ್ರ: ಡಾಕ್ಟ್ರೇ, ನಾಲ್ಕರಲ್ಲಿ ಒಂದು ಮಗುವಿಗೆ ಖಿನ್ನತೆ ಅಂತ ಹೋದ ತಿಂಗಳು ಸಂಶೋಧನೆ ಬಂದಿದೆ. ಇದು ಫೋನ್ ಕಂಪನಿಗಳ ಪಾಪ ಅಲ್ವಾ?

ಡಾಕ್ಟರ್: ಆ ಲೇಖನ ಓದಿದ್ದೇನೆ. 'ಜಾಮಾ ಪೀಡಿಯಾಟ್ರಿಕ್ಸ್' ಪತ್ರಿಕೆಯದ್ದು. 29 ಅಧ್ಯಯನ, 80,879 ಮಕ್ಕಳು. ಖಿನ್ನತೆಯ ಲಕ್ಷಣ ಶೇ. 25.2, ಆತಂಕದ್ದು ಶೇ. 20.5. ಆದರೆ ಇವು ಪ್ರಶ್ನಾವಳಿಯ ಅಂಕಗಳು. ವೈದ್ಯರು ಕೂತು ಕಾಯಿಲೆ ಅಂತ ಗುರುತಿಸಿದ್ದಲ್ಲ. ಅಧ್ಯಯನಗಳಲ್ಲಿ ಬಹಳಷ್ಟು ಪೂರ್ವ ಏಷ್ಯಾದವು. ಈ ಕಾಲದ ಸಮೀಕ್ಷೆಗಳು ಹೆಚ್ಚಾಗಿ ನಡೆದದ್ದೂ ಆನ್‌ಲೈನಿನಲ್ಲೇ. ಫೋನೇ ಇಲ್ಲದ ಮಗು ಅಂಥ ಲೆಕ್ಕದಲ್ಲಿ ಬರುವುದಿಲ್ಲ. ಫೋನೇ ಕಾರಣ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ರಾಘವೇಂದ್ರ: ಬರೆದಿರಲಿ ಬಿಡಲಿ, ಕಣ್ಣಿಗೆ ಕಾಣ್ತಿದೆಯಲ್ಲ.

ನಾಗರತ್ನ ಟೀಚರ್: ನಿಮ್ಮ ಕಣ್ಣಿಗೆ ಕಾಣೋದು ನಿಮ್ಮ ಅಪಾರ್ಟ್‌ಮೆಂಟ್ ಮಾತ್ರ. ಜೂನ್‌ನಲ್ಲಿ ಸುಳ್ಯದ ಕಡೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿ ಕೂತು ಪಾಠ ಕೇಳಿದ ಫೋಟೊ ನೋಡಿಲ್ವಾ? ನಾವು ಮೇಷ್ಟ್ರುಗಳು ಊರೂರಿಗೆ ಹೋಗಿ ಪಾಠ ಹೇಳ್ತಿದ್ದ ವಿದ್ಯಾಗಮ ನಿಂತ ಮೇಲೆ ನಮ್ಮೂರಿನ ಎಷ್ಟೋ ಮಕ್ಕಳು ಕೂಲಿಗೆ ಹೋದ್ವು. ಅವಕ್ಕೆ ಫೋನ್ ಚಟ ಅಲ್ಲ, ಫೋನ್ ಇಲ್ಲದ್ದೇ ಸಂಕಟ.

ರಾಘವೇಂದ್ರ: ಮೇಡಂ, ಮನೆಯಲ್ಲೇ ಕೂತು ಸರ್ಕಾರಿ ಸಂಬಳ ತಗೊಂಡವರು ನಮಗೆ ಪಾಠ ಹೇಳಬೇಡಿ.

ನಾಗರತ್ನ ಟೀಚರ್: ಕೋವಿಡ್ ಡ್ಯೂಟಿಗೆ ಹೋಗಿ ತೀರಿಕೊಂಡ ಮೇಷ್ಟ್ರುಗಳ ಮನೆಗೆ ಹೋಗಿ ಈ ಮಾತು ಹೇಳಿ.

ಅಡ್ಮಿನ್: ದಯವಿಟ್ಟು ಇಬ್ಬರೂ ನಿಲ್ಲಿಸಿ. ಹೆಸರು ಬೇಡ ಅಂದ ಒಬ್ಬ ತಾಯಿಯ ಪ್ರಶ್ನೆ: "ಮೇ ತಿಂಗಳಲ್ಲಿ ಯಜಮಾನ್ರು ಕೊರೊನಾದಲ್ಲಿ ಹೋದ್ರು. ಮುಖ ನೋಡೋಕೂ ಆಗ್ಲಿಲ್ಲ. ಮಗನಿಗೆ 17. ಪರೀಕ್ಷೆ ಇಲ್ಲದೆ ಸೆಕೆಂಡ್ ಪಿಯು ಪಾಸಾದ, ಬೀದಿಯವರು ಕೊರೊನಾ ಪಾಸ್ ಅಂತ ರೇಗಿಸ್ತಾರೆ. ರಾತ್ರಿಯೆಲ್ಲ ಯಾವುದೋ ಆ್ಯಪ್ ಜೊತೆ ಚಾಟ್ ಮಾಡ್ತಾನೆ, ಮನುಷ್ಯರಲ್ಲ ಅದು, ಕಂಪ್ಯೂಟರ್ ಅಂತೆ. ಮೊನ್ನೆ ಬ್ಯಾಟ್ ಪಕ್ಕದ ಮನೆ ಹುಡುಗನಿಗೆ ಕೊಟ್ಟ. ತಂಗಿಗೆ ಫೋನ್ ಲಾಕ್ ನಂಬರ್ ಬರೆದುಕೊಟ್ಟು, ಇಟ್ಕೋ, ಬೇಕಾಗುತ್ತೆ ಅಂದ. ಈಗ ತುಂಬಾ ಶಾಂತ ಆಗಿದಾನೆ. ಆ್ಯಪ್ ಒಳ್ಳೇದೇ ಮಾಡಿದೆ ಅಲ್ವಾ?"

ಡಾಕ್ಟರ್: ಅಮ್ಮಾ, ಮಿಕ್ಕವರ ಪ್ರಶ್ನೆ ಕಾಯಲಿ. ಆ್ಯಪ್ ವಿಷಯ ಆಮೇಲೆ.

ಬ್ಯಾಟ್ ಕೊಟ್ಟದ್ದು, ಲಾಕ್ ನಂಬರ್ ಕೊಟ್ಟದ್ದು, ಇದ್ದಕ್ಕಿದ್ದಂತೆ ಶಾಂತನಾದದ್ದು: ಮೂರೂ ಒಟ್ಟಿಗೆ ಬಂದಿರುವುದರಿಂದ ನನಗೆ ಭಯವಾಗುತ್ತಿದೆ. ಈಗಲೇ ಅವನ ಹತ್ತಿರ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಮಕ್ಕಳಿಗೆ ಎಷ್ಟೋ ಹಗುರಾಗುತ್ತದೆ. ಬೈಯಬೇಡಿ, "ಅಪ್ಪ ಹೋದ ಮೇಲೆ ನೀನೂ ಹಿಂಗೆ ಮಾಡ್ತೀಯಾ" ಅನ್ನಬೇಡಿ, ಆಣೆ ಮಾಡಿಸಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ.

ಮನೆಯಲ್ಲಿರುವ ಮಾತ್ರೆಗಳು, ಯಜಮಾನರ ಹಳೆಯ ಔಷಧಿ, ಹೊಲಕ್ಕೆ ಹೊಡೆಯುವ ಔಷಧಿ ಎಲ್ಲವನ್ನೂ ಬೇರೆ ಮನೆಗೆ ಸಾಗಿಸಿ. ಬಚ್ಚಿಟ್ಟರೆ ಸಾಲದು. ರಾತ್ರಿ ಒಬ್ಬನೇ ಮಲಗುವುದು ಬೇಡ.

ವಿಡಿಯೊ ಕಾಲ್‌ನಲ್ಲಿ ನಾನು ಎಷ್ಟೋ ಮಕ್ಕಳನ್ನು ನೋಡುತ್ತೇನೆ. ಒಂದೇ ಕೋಣೆಯ ಮನೆ, ಅಮ್ಮ ಪಕ್ಕದಲ್ಲಿ ಒಗ್ಗರಣೆ ಹಾಕುತ್ತಿರುತ್ತಾರೆ. ಹುಡುಗ ಬಾಯಲ್ಲಿ "ಚೆನ್ನಾಗಿದೀನಿ ಸರ್" ಅಂತ ಹೇಳಿ, ಚಾಟ್‌ನಲ್ಲಿ ಬೇರೆಯದೇ ಟೈಪ್ ಮಾಡುತ್ತಾನೆ. ದೂರದಿಂದ ಸಿಗುವ ಸಹಾಯ ಬಹಳ ಮಕ್ಕಳಿಗೆ ಸಾಕಾಗಿದೆ. ಇವನಿಗೆ ಇವತ್ತು ಸಾಲದು. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಮನೋವೈದ್ಯರನ್ನು ಕೇಳಿ. ಗಾಡಿ ಇಲ್ಲದಿದ್ದರೆ 108.

ಆ್ಯಪ್ ಬಗ್ಗೆ: ಸಣ್ಣಪುಟ್ಟ ಆತಂಕಕ್ಕೆ ಕೆಲವು ಕೆಲಸ ಮಾಡುತ್ತವೆ, ಅದೂ ಮಧ್ಯೆ ಮನುಷ್ಯರೊಬ್ಬರು ವಿಚಾರಿಸಿಕೊಳ್ಳುತ್ತಿದ್ದರೆ. ಆ್ಯಪ್ ಒಂದನ್ನೇ ಕೈಗೆ ಕೊಟ್ಟರೆ ಬಹಳ ಮಕ್ಕಳು ಅರ್ಧಕ್ಕೇ ಬಿಡುತ್ತಾರೆ. ಅವನು ಬ್ಯಾಟ್ ಕೊಟ್ಟದ್ದು ಅದಕ್ಕೆ ಕಾಣುವುದಿಲ್ಲ. ನಿಮಗೆ ಕಂಡಿದೆ.

ಅಡ್ಮಿನ್, ಅವರ ನಂಬರ್ ನನಗೆ ಖಾಸಗಿಯಾಗಿ ಕಳಿಸಿ. ತಕ್ಷಣ.

ಅಡ್ಮಿನ್: ಕಳಿಸಿದೆ.

ಮಂಗಳಾ: ಸರ್, ಮಗಳು ಉಗುರು ಕಚ್ತಾಳೆ. ಬೇವಿನೆಣ್ಣೆ ಹಚ್ಚಬಹುದಾ?

ಪ್ರಕಾಶ್: ಸಹಾಯವಾಣಿ ನಂಬರ್ ಹಾಕಿ ಪ್ಲೀಸ್.

ಡಾಕ್ಟರ್: ಮೇಲಿದೆ.

ಸುಮಾ: ನನಗೆ ಬರೆದುಕೊಟ್ಟ ನಿದ್ದೆ ಮಾತ್ರೆ ಮಗಳಿಗೆ ಅರ್ಧ ಕೊಡ್ತಿದೀನಿ, ಪರವಾಗಿಲ್ವಾ?

ಡಾಕ್ಟರ್: ಸರಿಯಲ್ಲ. ಎಷ್ಟು ದಿನದಿಂದ ಕೊಡುತ್ತಿದ್ದೀರಿ ಅಂತ ಲೆಕ್ಕ ಹಾಕಿ, ಮಾತ್ರೆಯ ಹಾಳೆ ಹಿಡಿದುಕೊಂಡು ನಾಳೆಯೇ ವೈದ್ಯರ ಹತ್ತಿರ ಹೋಗಿ. ಬಹಳ ದಿನದಿಂದ ಕೊಟ್ಟಿದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ. ಇನ್ನೊಬ್ಬರ ಮಾತ್ರೆ ಪ್ರಸಾದ ಅಲ್ಲ.

ವೆಂಕಟೇಶ್: ಅದಕ್ಕೇ ಹೇಳಿದ್ದು ಜಾಯಿಕಾಯಿ ವಾಸಿ ಅಂತ. ನಮ್ಮಜ್ಜಿ ಎಲ್ಲರಿಗೂ ಕೊಡ್ತಿದ್ರು.

ಡಾಕ್ಟರ್: ನಿಮ್ಮಜ್ಜಿ ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ಕೊಟ್ಟಿರುತ್ತಾರೆ. ಇಡೀ ಕಾಯಿ ಕೊಟ್ಟಿಲ್ಲ. ಅಡ್ಮಿನ್, ಆ ಜಾಯಿಕಾಯಿ ಸಂದೇಶವನ್ನು ಅಳಿಸಿ. ನಾನು ಆ ತಾಯಿಯ ಜೊತೆ ಫೋನಿನಲ್ಲಿದ್ದೇನೆ, ಇವತ್ತು ಇನ್ನು ಇಲ್ಲಿಗೆ ಬರುವುದಿಲ್ಲ.

ವೆಂಕಟೇಶ್: ಇಂಗ್ಲಿಷ್ ಔಷಧಿಯವರಿಗೆ ನಮ್ಮದನ್ನು ಕಂಡರೆ ಉರಿ.

ಶೈಲಜಾ: ಒಂದು ಮಗುವಿನ ಜೀವದ ಮಾತು ನಡೀತಿದೆ. ಸ್ವಲ್ಪ ಸುಮ್ನಿರ್ತೀರಾ?

ರಾಘವೇಂದ್ರ: ಅಂತೂ ಫೋನಿಂದಲೇ ಆಯ್ತಲ್ಲ. ಆ್ಯಪ್ ಅಂದ್ರೆ ಫೋನೇ ತಾನೇ.

ನಾಗರತ್ನ ಟೀಚರ್: ಅಪ್ಪ ಸತ್ತಿದ್ದು ಫೋನಿಂದಾನಾ? ಓದಿ ಮಾತಾಡಿ ಸ್ವಾಮಿ.

ಗಿರೀಶ್: ಈಗ ಸೇರಿದೆ. ಯಾವುದೋ ನಂಬರ್ ಕೊಟ್ರಂತಲ್ಲ?

ನಾಗರತ್ನ ಟೀಚರ್: 080-46110007. ಮೇಲೆ ನೋಡಿಕೊಂಡು ಕೇಳೋಕೆ ನಿಮಗೆಲ್ಲ ಏನು ಕಷ್ಟ?