1912ರ ಈಸೋಪ: ಅಸಲಿಯೋ ಅಂತ ನೋಡೋದು ಹೇಗೆ, ಮಡಿಕೇರಿ ಮಳೆಗಾಲದಲ್ಲಿ ಇಡೋದು ಹೇಗೆ?

ಕಾಫಿಕಣ:
ಮಡಿಕೇರಿ ಹತ್ತಿರ ತೋಟದ ಬಂಗಲೆಯೊಂದರ ಹಳೆ ಸಾಮಾನು ಮಾರಾಟಕ್ಕಿದೆ. ಅದರಲ್ಲಿ ಆರ್ಥರ್ ರ‍್ಯಾಕ್‌ಹ್ಯಾಮ್ ಚಿತ್ರಗಳಿರುವ ಈಸೋಪನ ಕಥೆಗಳು (ಲಂಡನ್, ಹೈನ್‌ಮನ್) ಮತ್ತು ವಾಲ್ಟರ್ ಕ್ರೇನ್‌ನ ‘ಬೇಬೀಸ್ ಓನ್ ಈಸೋಪ್’ ಇವೆ. ಮೂಲ ಮುದ್ರಣವೇ ಅಂತ ಗುರುತಿಸೋದು ಹೇಗೆ? ತಗೊಂಡರೆ ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಒಂದೇ ಸಾಕಾ?

ಹಳೆಹಾಳೆ:
ಮೊದಲು ಚಿತ್ರ ಎಣಿಸಿ, ಬೆಲೆ ಮಾತು ಆಮೇಲೆ. 1912ರ ರ‍್ಯಾಕ್‌ಹ್ಯಾಮ್‌ನಲ್ಲಿ 13 ಬಣ್ಣದ ಚಿತ್ರಗಳಿರಬೇಕು. ಚೌಕಟ್ಟು ಹಾಕಿಸಲು ಕಿತ್ತುಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದರು. ಮುಂದಿನ ಚಿತ್ರಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿ, ಹೊಲಿಗೆ ಹತ್ತಿರ ಕತ್ತರಿಸಿದ ಅಂಚು ಉಳಿದಿದೆಯಾ ಗಮನಿಸಿ. ಒಂದು ಚಿತ್ರ ಹೋಗಿದ್ದರೂ ಬೆಲೆ ಪಾತಾಳಕ್ಕೆ.

ಶೀರ್ಷಿಕೆ ಪುಟದ ಬೆನ್ನಲ್ಲಿ ಮರುಮುದ್ರಣದ ವರ್ಷಗಳಿದ್ದರೆ ಮೊದಲ ಮುದ್ರಣವಲ್ಲ. ಐಎಸ್‌ಬಿಎನ್ (ಈಗಿನ ಪುಸ್ತಕಗಳ ಗುರುತು ಸಂಖ್ಯೆ) ಕಂಡರಂತೂ ಮಾತೇ ಬೇಡ. ರ‍್ಯಾಕ್‌ಹ್ಯಾಮ್ ಸಹಿ ಹಾಕಿದ 1450 ಪ್ರತಿಗಳ ವಿಶೇಷ ಆವೃತ್ತಿಯೇ ಬೇರೆ. ಅದರಲ್ಲಿ ಪ್ರತಿಯ ಸಂಖ್ಯೆ ಬರೆದಿರುತ್ತೆ.

ಆಮೇಲೆ 10 ಪಟ್ಟಿನ ಭೂತಗನ್ನಡಿ. ಕ್ರೇನ್ ಪುಸ್ತಕ 1887ರದು, ಎಡ್ಮಂಡ್ ಇವಾನ್ಸ್ ಮರದ ಅಚ್ಚುಗಳಿಂದ ಬಣ್ಣದಲ್ಲಿ ಮುದ್ರಿಸಿದ್ದು. ಅಲ್ಲಿ ಗೆರೆ, ತುಂಬು ಬಣ್ಣ ಕಾಣಬೇಕು. ಸಾಲಾಗಿ ಕೂತ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಫೋಟೋ ತೆಗೆದು ಮಾಡಿದ ನಕಲು. ರ‍್ಯಾಕ್‌ಹ್ಯಾಮ್‌ಗೆ ಈ ಪರೀಕ್ಷೆ ಹಾಗೇ ಹೊಂದಲ್ಲ, 1912ರಲ್ಲೇ ಚುಕ್ಕಿಗಳಿಂದ ಬಣ್ಣ ಮುದ್ರಿಸುತ್ತಿದ್ದರು. ಅಲ್ಲಿ ಚುಕ್ಕಿಯ ಅಂಚು ನೋಡಿ: ಹಳೆ ಅಚ್ಚಿನ ಒತ್ತಡಕ್ಕೆ ಶಾಯಿ ಅಂಚಿಗೆ ಸರಿದು ಕಪ್ಪಾದ ಉಂಗುರ ಕಾಣುತ್ತೆ, ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕಿ ಒಂದೇ ಸಮ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ 1950ರ ಆಸುಪಾಸಿನದು ಅಥವಾ ಆಮೇಲಿನದು.

ಹೂಮಳೆ:
ಡಿಹ್ಯುಮಿಡಿಫೈಯರ್ ನಂಬಿ ಕೂರಬೇಡಿ. ಜುಲೈನಲ್ಲಿ ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತೋ! ಗಾಳಿಯ ತೇವಾಂಶ 65 ಶೇಕಡಾ ದಾಟಿ ಹಾಗೇ ನಿಂತರೆ ಬೂಷ್ಟು ಶುರು.

ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ ತಗೊಳ್ಳಿ, ಪಿವಿಸಿ ಬೇಡ. 30 ಲೀಟರ್ ಡಬ್ಬಿಗೆ ಸುಮಾರು 600 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ಬಟ್ಟೆ ಚೀಲದಲ್ಲಿ, ಪುಸ್ತಕಕ್ಕೆ ತಾಗದಂತೆ. ಕಿತ್ತಳೆ ಬಣ್ಣದ್ದೇ ಆಗಲಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ಅದು ವಿಷಕಾರಿ. ತೇವ ಹೀರಿ ಹಸಿರಾದಾಗ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತೆ. ಡಬ್ಬಿಯೊಳಗೆ ಗಾಳಿಯ ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಇಡಿ (ಕಾಫಿ ಬೀಜದ ಮಾಯಿಶ್ಚರ್ ಮೀಟರ್ ಇದಕ್ಕೆ ಆಗಲ್ಲ). ಶೇಕಡಾ 45ರಿಂದ 55ರ ನಡುವೆ ಇರಲಿ. 30ಕ್ಕಿಂತ ಇಳಿದರೆ ಕಾಗದ ಪೆಡಸಾಗುತ್ತೆ, ಒಂದಷ್ಟು ಜೆಲ್ ಹೊರಗೆ ತೆಗೆಯಿರಿ.

ಮುಖ್ಯ ವಿಷಯ ಮುಚ್ಚುವ ಸಮಯ. ಫೆಬ್ರವರಿಯಲ್ಲಿ, ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆಗೆ) ಮುಂಚೆ, ಪುಸ್ತಕ ಒಣಗಿರುವಾಗಲೇ ಮುಚ್ಚಿ. ಜುಲೈನಲ್ಲಿ ತೇವ ಹೀರಿದ ಪುಸ್ತಕವನ್ನು ಹಾಗೇ ಡಬ್ಬಿಗೆ ತುಂಬಿದರೆ ನೀವೇ ಬೂಷ್ಟು ಸಾಕಿದ ಹಾಗೆ. ಬಟ್ಟೆ ಒಣಗಿಸೋ ಕೆಂಡದ ಹತ್ತಿರವಂತೂ ತರಲೇಬೇಡಿ, ರಟ್ಟು ಸೊಟ್ಟಗಾಗುತ್ತೆ.

ಹಳೆಹಾಳೆ:
ಹೂಮಳೆ ಅವರೇ, ಡಬ್ಬಿ ಸರಿ, ಆದರೆ ಹುಳ ಇದ್ದ ಪುಸ್ತಕ ಒಳಗೆ ಹೋದರೆ? ಬಂಗಲೆಯಿಂದ ಬಂದದ್ದನ್ನು ಮೊದಲು ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಮೈನಸ್ 18ರ ಫ್ರೀಜರ್‌ನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ತಣ್ಣಗಿನ ಹಾಳೆ ಮೇಲೆ ನೀರು ಕೂರುತ್ತೆ. ಬೆಳ್ಳಿಹುಳ ಸಾಯುತ್ತೆ, ಬೂಷ್ಟು ಸಾಯಲ್ಲ.

ಕಾಫಿಕಣ:
ಧನ್ಯವಾದ ಇಬ್ಬರಿಗೂ. ಒಂದು ಅನುಮಾನ: ಫೋಟೋದಲ್ಲಿ ಬಣ್ಣದ ಚಿತ್ರವೊಂದು ಎದುರು ಪುಟಕ್ಕೆ ಅಂಟಿಕೊಂಡ ಹಾಗಿದೆ. ಬಿಡಿಸಬಹುದಾ?

ಹೂಮಳೆ:
ಚಿತ್ರ ಇರೋದು ಜೇಡಿ ಲೇಪದ ಹೊಳಪು ಕಾಗದದಲ್ಲಾದರೆ ಇಲ್ಲ. ಒದ್ದೆಯಾದಾಗ ಲೇಪವೇ ಅಂಟಾಗಿ, ಒಣಗಿದ ಮೇಲೆ ಗಟ್ಟಿ ಹಿಡಿಯುತ್ತೆ. ಎಳೆದರೆ ಬಣ್ಣ ಆ ಕಡೆ ಪುಟಕ್ಕೆ ಹೋಗುತ್ತೆ. ಒದ್ದೆ ಇರುವಾಗಲೇ ಬಿಡಿಸಿ ನಡುವೆ ಬೇಕಿಂಗ್ ಪೇಪರ್ ಇಡಬೇಕಿತ್ತು. ಆ ಚಿತ್ರ ಇಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಕೇಳಿ.