ಅಪ್‌ಡೇಟ್: ಸೆಕೆಂಡ್ ಹ್ಯಾಂಡ್ ಕಾರು ಕೊನೆಗೂ ಮನೆಗೆ ಬಂತು

ಹಳೇ ಕಾರು ಕೊಳ್ಳುವ ಮುಂಚೆ ಮಾರುವವರನ್ನು ಏನೇನು ಕೇಳಬೇಕು ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಯನಗರದ ಒಬ್ಬರಿಂದ ವ್ಯಾಗನ್‌ಆರ್ ತಗೊಂಡೆ.

ಮೊದಲು ಬೆಳ್ಳಂದೂರಿನಲ್ಲಿ ಒಂದು ಕಾರು ನೋಡಿದ್ದೆ. ಪಾಲಿಶ್ ಮಾಡಿ ಫಳಫಳ ಹೊಳೆಯುತ್ತಿತ್ತು, ರೇಟೂ ಕಡಿಮೆ. "2022ರ ಮಳೆಯಲ್ಲಿ ನೀರು ನುಗ್ಗಿತ್ತಾ ಸಾರ್?" ಅಂದೆ. "ಛೇ, ಇಲ್ಲಪ್ಪ" ಅಂದರು. ನೀವು ಹೇಳಿಕೊಟ್ಟ ಹಾಗೆ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದೆ. ಹೊರಗೆ ಕಾಣುವ ಭಾಗ ಕ್ಲೀನ್. ಒಳಗೆ ಸುತ್ತಿಕೊಂಡಿದ್ದ ಕಡೆ ಗೇಣುದ್ದ ಕೆಸರಿನ ಕಲೆ, ಉಜ್ಜಿದರೆ ಬೆರಳಿಗೆ ಮಣ್ಣು. ಅಲ್ಲಿಂದ ಸೀದಾ ಎದ್ದು ಬಂದೆ. ಆ ಒಂದು ಸಲಹೆಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಜಯನಗರದ ಅಂಕಲ್ ಮೊದಲ ಓನರ್. ಸರ್ವಿಸ್ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಟೈರ್ ಮೇಲೆ 1719 ಅಂತಿತ್ತು, ಅಂದರೆ 2019ರ 17ನೇ ವಾರ ತಯಾರಾಗಿದ್ದು. ಟೈರ್ ಬದಲಿಸಬೇಕು ಅಂತ ಅವರೇ ಒಪ್ಪಿ ರೇಟ್ ಇಳಿಸಿದರು. ಎರಡು ಟ್ರಾಫಿಕ್ ದಂಡದ ಚಲನ್ ಬಾಕಿ ಇತ್ತು, ನನ್ನ ಮುಂದೆಯೇ ಕಟ್ಟಿದರು.

ತಡವಾಗಿದ್ದು ಒಂದೇ ವಿಷಯಕ್ಕೆ. ಅವರ ಕಾರ್ ಲೋನ್ ತೀರಿದ್ದರೂ ಆರ್‌ಸಿಯಲ್ಲಿ (ಕಾರಿನ ನೋಂದಣಿ ಪತ್ರ) ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಲೋನ್ ನಮೂದು ತೆಗೆಸುವ ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ದುಡ್ಡು ಕೊಟ್ಟೆ. ಇದನ್ನು ಮಾತ್ರ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ, ದಯವಿಟ್ಟು. ಕಾರು ನನ್ನ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ಸಹಿ ಆಯ್ತು. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನದೊಳಗೆ ಅರ್ಜಿ ಹಾಕಬೇಕಲ್ವಾ, ಅದನ್ನೂ ನಿನ್ನೆ ಹಾಕಿದೆ.